ಕ್ಯಾನ್ಸರ್ ಸಾವಿನ ನಂತರ ಆಸರೆ ಬೇಕಾದ ಕುಟುಂಬಗಳ ಗುರುತಿಸುವಿಕೆ

ಕ್ಯಾನ್ಸರ್‌ನಿಂದ ಮನೆಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಉಳಿದವರಲ್ಲಿ ಯಾರು ತಮ್ಮ ದುಃಖವನ್ನು ಬಂಧುಬಳಗದ ನಡುವೆಯೇ ನಿಭಾಯಿಸಿಕೊಳ್ಳಬಲ್ಲರು, ಯಾರಿಗೆ ಹೊರಗಿನ ನೆರವು ಅಗತ್ಯವಾಗುತ್ತದೆ ಎಂಬುದನ್ನು ಕ್ರಮಬದ್ಧವಾಗಿ ತಿಳಿದುಕೊಳ್ಳುವ ಪ್ರಯತ್ನವು ಉಪಶಾಮಕ ಆರೈಕೆಯ ಒಂದು ಅಂಗವಾಗಿದೆ. ರೋಗ ಗುಣವಾಗದ ಹಂತದಲ್ಲಿಯೂ ನೋವು ಮತ್ತು ಇತರ ಸಂಕಟಗಳನ್ನು ತಗ್ಗಿಸುವ ವೈದ್ಯಕೀಯ ಸೇವೆಗೆ ಉಪಶಾಮಕ ಆರೈಕೆ ಅಥವಾ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ನೀಡಿದ ವ್ಯಾಖ್ಯೆಯ ಪ್ರಕಾರ ಈ ಸೇವೆಯು ರೋಗಿಯ ಮರಣದೊಂದಿಗೆ ಮುಗಿಯುವುದಿಲ್ಲ. ಕುಟುಂಬದವರ ಶೋಕದ ಕಾಲಕ್ಕೂ ಅದು ವಿಸ್ತರಿಸುತ್ತದೆ.

ಶೋಕ ರೋಗವಲ್ಲ. ಪ್ರೀತಿಪಾತ್ರರನ್ನು ಕಳೆದುಕೊಂಡವರಲ್ಲಿ ಬಹುಪಾಲು ಜನ ಕೆಲವು ತಿಂಗಳುಗಳಲ್ಲಿ, ನೋವು ಉಳಿದುಕೊಂಡೇ, ದಿನನಿತ್ಯದ ಬದುಕಿಗೆ ಮರಳುತ್ತಾರೆ. ಆದರೆ ಒಂದು ಸಣ್ಣ ಭಾಗಕ್ಕೆ ಇದು ಸಾಧ್ಯವಾಗುವುದಿಲ್ಲ. ಈ ಸಣ್ಣ ಭಾಗದವರು ಸಾಮಾನ್ಯವಾಗಿ ತಾವಾಗಿ ಬಂದು ಸಹಾಯ ಕೇಳುವವರಲ್ಲ. ಹುಡುಕಿ ಗುರುತಿಸಬೇಕಾದ ಅಗತ್ಯವು ಹುಟ್ಟುವುದು ಈ ಕಾರಣದಿಂದಲೇ.

ಕ್ಯಾನ್ಸರ್ ಸಾವಿನ ವೈಶಿಷ್ಟ್ಯ

ಭಾರತದಲ್ಲಿ 2022ರಲ್ಲಿ ಕ್ಯಾನ್ಸರ್‌ನಿಂದ ಸುಮಾರು 9.16 ಲಕ್ಷ ಜನ ಮೃತಪಟ್ಟರೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗ್ಲೋಬೊಕ್ಯಾನ್ ಅಂದಾಜು ಹೇಳುತ್ತದೆ. ಪ್ರತಿಯೊಂದು ಸಾವಿನ ಹಿಂದೆಯೂ ಗಂಡ ಅಥವಾ ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ, ಒಡಹುಟ್ಟಿದವರು ಹೀಗೆ ಹಲವರು ಇರುತ್ತಾರೆ.

ಅಪಘಾತ ಅಥವಾ ಹೃದಯಾಘಾತದ ಸಾವಿಗೂ ಕ್ಯಾನ್ಸರ್‌ನ ಸಾವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಸಾವು ಹೇಳಿ ಬರುತ್ತದೆ. ರೋಗನಿರ್ಣಯದಿಂದ ಮರಣದವರೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುತ್ತವೆ. ಈ ಅವಧಿಯಲ್ಲಿ ಮನೆಯವರು ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರ ಕಣ್ಣೆದುರಿಗೇ ಇರುತ್ತಾರೆ. ಆದ್ದರಿಂದ ಯಾರಿಗೆ ಮುಂದೆ ಕಷ್ಟವಾಗಬಹುದೆಂದು ಮೊದಲೇ ಊಹಿಸಲು ಇಲ್ಲಿರುವಷ್ಟು ಅವಕಾಶ ಬೇರೆ ಬಗೆಯ ಅನೇಕ ಸಾವುಗಳಲ್ಲಿ ಇರುವುದಿಲ್ಲ.

ಆದರೆ ಅದೇ ದೀರ್ಘ ಕಾಲವು ಕುಟುಂಬವನ್ನು ಬಳಲಿಸುತ್ತದೆ. ಆರೈಕೆ ಮಾಡುವವರು ನಿದ್ರೆಗೆಡುತ್ತಾರೆ, ಕೆಲಸ ಬಿಡುತ್ತಾರೆ, ಚಿನ್ನ ಅಡವಿಡುತ್ತಾರೆ, ಜಮೀನು ಮಾರುತ್ತಾರೆ. ರೋಗಿಯು ಕೊನೆಯುಸಿರೆಳೆದಾಗ ದುಃಖದೊಂದಿಗೆ ಒಂದು ಬಗೆಯ ಬಿಡುಗಡೆಯ ಭಾವವೂ ಬರುವುದು ಸಹಜ. ಆ ಭಾವ ಬಂದುದಕ್ಕಾಗಿಯೇ ಮುಂದೆ ತಪ್ಪಿತಸ್ಥ ಭಾವನೆ ಕಾಡುತ್ತದೆ. ಇನ್ನೊಂದು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತೇ, ಕೊನೆಯ ಕೀಮೋಥೆರಪಿ ಬೇಡವೆನ್ನಬೇಕಿತ್ತೇ ಎಂಬ ಪ್ರಶ್ನೆಗಳು ಮುಗಿಯುವುದಿಲ್ಲ. ನೋವಿಗಾಗಿ ಮಾರ್ಫಿನ್ ಕೊಟ್ಟಿದ್ದ ಮನೆಗಳಲ್ಲಿ, ತಾವು ಕೊಟ್ಟ ಕೊನೆಯ ಗುಳಿಗೆಯೇ ಜೀವ ತೆಗೆಯಿತೆಂದು ನಂಬಿ ಒಳಗೊಳಗೇ ಕೊರಗುವವರಿದ್ದಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ತರುವುದಿಲ್ಲ, ರೋಗವೇ ಆ ಹಂತಕ್ಕೆ ಬಂದಿತ್ತು ಎಂಬ ವಿವರಣೆ ಅಂಥವರಿಗೆ ಯಾರಾದರೂ ಎದುರು ಕುಳಿತು ಹೇಳಬೇಕಾದದ್ದು. ಅದನ್ನು ಹೇಳಬೇಕಾದರೆ ಅವರ ಮನಸ್ಸಿನಲ್ಲಿ ಅಂಥ ಶಂಕೆಯಿದೆಯೆಂದು ಮೊದಲು ಗೊತ್ತಾಗಬೇಕು.

ಚಿಂತನೆಯ ಬೆಳವಣಿಗೆ

ಶೋಕವನ್ನು ವೈಜ್ಞಾನಿಕ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಸಿಗ್ಮಂಡ್ ಫ್ರಾಯ್ಡ್ ಮೊದಲಿಗರು. 1917ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ಸಹಜವಾದ ಶೋಕವನ್ನೂ ವಿಷಾದರೋಗವನ್ನೂ ಬೇರ್ಪಡಿಸಿ ನೋಡಿದರು. ಎರಡನೆಯ ಹೆಜ್ಜೆ ಒಂದು ದುರಂತದಿಂದ ಬಂದಿತು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್‌ನಲ್ಲಿ ಬೆಂಕಿ ಬಿದ್ದು 492 ಜನ ಸತ್ತರು. ಆ ದುರಂತದ ಸಂತ್ರಸ್ತರನ್ನೂ ಬೇರೆ ಕಾರಣಗಳಿಂದ ಆಪ್ತರನ್ನು ಕಳೆದುಕೊಂಡವರನ್ನೂ ಗಮನಿಸಿದ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ತೀವ್ರ ಶೋಕದ ಲಕ್ಷಣಗಳನ್ನು ವಿವರಿಸಿದರು. ಆರಂಭದಲ್ಲಿ ದುಃಖವೇ ಇಲ್ಲದವರಂತೆ ಕಾಣುವ ಕೆಲವರಲ್ಲಿ ಅದು ತಡವಾಗಿ, ಬೇರೆ ರೂಪದಲ್ಲಿ ಹೊರಬರುತ್ತದೆ ಎಂಬುದನ್ನು ಅವರು ಗುರುತಿಸಿದರು.

ಸ್ವಿಸ್ ಮೂಲದ ಅಮೆರಿಕನ್ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಮುಂದಿಟ್ಟ ಐದು ಹಂತಗಳು (ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಸ್ವೀಕಾರ) ಬಹಳ ಪ್ರಸಿದ್ಧವಾಗಿವೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇವು ಶೋಕದ ನಿಯಮವೆಂಬಂತೆ ಬರೆಯಲ್ಪಡುವುದುಂಟು. ವಾಸ್ತವದಲ್ಲಿ ಅವರು ಇವನ್ನು ಕಂಡುಕೊಂಡದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗಿನ ಸಂಭಾಷಣೆಗಳಿಂದ. ಉಳಿದ ಮನೆಯವರು ಇದೇ ಮೆಟ್ಟಿಲುಗಳನ್ನು ಕ್ರಮವಾಗಿ ಏರುತ್ತಾರೆಂದು ಭಾವಿಸಿ, ಕೋಪ ಬಾರದವರನ್ನು ಅಸಹಜರೆಂದು ಗುರುತಿಸುವುದು ಸರಿಯಲ್ಲ. ಇದಕ್ಕಿಂತ ಹೆಚ್ಚು ಉಪಯುಕ್ತವಾದ ವಿವರಣೆಯನ್ನು ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ನೀಡಿದರು. ಶೋಕದಲ್ಲಿರುವವರು ಒಮ್ಮೆ ಕಳೆದುಕೊಂಡವರ ನೆನಪಿನತ್ತ, ಮತ್ತೊಮ್ಮೆ ಬ್ಯಾಂಕು, ಅಡುಗೆ, ಮಕ್ಕಳ ಶುಲ್ಕದಂತಹ ಬದುಕಿನ ಕೆಲಸಗಳತ್ತ ತೂಗಾಡುತ್ತಿರುತ್ತಾರೆ. ಈ ತೂಗಾಟವೇ ಆರೋಗ್ಯದ ಲಕ್ಷಣ. ಒಂದೇ ಬದಿಯಲ್ಲಿ ಸಿಕ್ಕಿಕೊಂಡವರ ಬಗ್ಗೆ ಕಾಳಜಿ ವಹಿಸಬೇಕು.

ಗುರುತಿಸುವ ಕೆಲಸವನ್ನು ಆಸ್ಪತ್ರೆಯ ವ್ಯವಸ್ಥೆಯೊಳಗೆ ತಂದವರಲ್ಲಿ ಬ್ರಿಟಿಷ್ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಪ್ರಮುಖರು. ಅವರೂ ಅವರ ಸಹೋದ್ಯೋಗಿಗಳೂ 55 ವರ್ಷ ಮೀರಿದ 4,486 ವಿಧುರರನ್ನು ಅಧ್ಯಯನ ಮಾಡಿ 1969ರಲ್ಲಿ ವರದಿ ಪ್ರಕಟಿಸಿದರು. ಹೆಂಡತಿ ತೀರಿಕೊಂಡ ಮೊದಲ 6 ತಿಂಗಳಲ್ಲಿ ಈ ಪುರುಷರ ಸಾವಿನ ಪ್ರಮಾಣವು ಅದೇ ವಯಸ್ಸಿನ ವಿವಾಹಿತ ಪುರುಷರಿಗಿಂತ ಶೇ. 40ರಷ್ಟು ಹೆಚ್ಚಾಗಿತ್ತು. ದುಃಖವು ದೇಹವನ್ನೂ ತಿನ್ನುತ್ತದೆ ಎಂಬ ಹಳೆಯ ಮಾತಿಗೆ ಇದರಿಂದ ಅಂಕಿಅಂಶದ ಆಧಾರ ಸಿಕ್ಕಿತು. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್‌ನಲ್ಲಿ ಪಾರ್ಕ್ಸ್ ಒಂದು ಅಪಾಯ ಸೂಚ್ಯಂಕವನ್ನು ಬಳಕೆಗೆ ತಂದರು. ರೋಗಿಯನ್ನು ನೋಡಿಕೊಂಡ ದಾದಿಯು ಮನೆಯ ಮುಖ್ಯ ವ್ಯಕ್ತಿಯ ಹಂಬಲ, ಸಿಟ್ಟು, ಆತ್ಮನಿಂದೆ, ಬಂಧುಗಳ ಬೆಂಬಲ ಮುಂತಾದವುಗಳಿಗೆ ಅಂಕ ನೀಡುತ್ತಿದ್ದಳು. ಈ ವ್ಯಕ್ತಿ ಮುಂದೆ ಹೇಗೆ ನಿಭಾಯಿಸಬಹುದು ಎಂಬ ದಾದಿಯ ಸ್ವಂತ ಅಂದಾಜಿಗೂ ಅದರಲ್ಲೊಂದು ಸ್ಥಾನವಿತ್ತು. ಅಂಕ ಹೆಚ್ಚಿದ್ದವರ ಮನೆಗೆ ತರಬೇತಿ ಪಡೆದ ಸ್ವಯಂಸೇವಕರು ಹೋಗುತ್ತಿದ್ದರು.

ಎಷ್ಟು ಜನರಿಗೆ ಬೇಕು?

ಬ್ರಿಟನ್ನಿನ ನೈಸ್ ಸಂಸ್ಥೆಯು ಕ್ಯಾನ್ಸರ್ ರೋಗಿಗಳ ಆರೈಕೆಯ ಕುರಿತು 2004ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಶೋಕದ ಆಸರೆಯನ್ನು ಮೂರು ಮಟ್ಟಗಳಾಗಿ ವಿಂಗಡಿಸಲಾಗಿದೆ. ಎಲ್ಲರಿಗೂ ಮಾಹಿತಿ, ಕೆಲವರಿಗೆ ತಮ್ಮ ನಷ್ಟದ ಬಗ್ಗೆ ಕುಳಿತು ಮಾತನಾಡುವ ಅವಕಾಶ, ಅಲ್ಪಸಂಖ್ಯೆಯ ಜನರಿಗೆ ತಜ್ಞರ ಚಿಕಿತ್ಸೆ. ಸಮರ್ ಔನ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ಆಪ್ತರನ್ನು ಕಳೆದುಕೊಂಡ 678 ಜನರ ಸಮೀಕ್ಷೆ ನಡೆಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಹೊಂದಿಕೊಂಡಿತು: ಶೇ. 58.4 ಜನ ಕಡಿಮೆ ಅಪಾಯದಲ್ಲಿದ್ದರು, ಶೇ. 35.2 ಜನ ಮಧ್ಯಮ ಅಪಾಯದಲ್ಲಿದ್ದರು, ಶೇ. 6.4 ಜನ ಹೆಚ್ಚಿನ ಅಪಾಯದಲ್ಲಿದ್ದರು. ಸಹಜ ಕಾರಣಗಳಿಂದಾದ ಸಾವುಗಳ ನಂತರ ವಯಸ್ಕರಲ್ಲಿ ಸುಮಾರು 10 ಮಂದಿಗೆ ಒಬ್ಬರಲ್ಲಿ ದೀರ್ಘಕಾಲಿಕ ಶೋಕ ವ್ಯಾಧಿ ಕಾಣುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು ತಿಳಿಸಿತು.

ಹಾಗಾದರೆ ಎಲ್ಲರಿಗೂ ಆಪ್ತಸಮಾಲೋಚನೆ ನೀಡಿಬಿಟ್ಟರೆ ಗುರುತಿಸುವ ತೊಂದರೆಯೇ ಇರುವುದಿಲ್ಲವಲ್ಲ ಎಂಬ ಪ್ರಶ್ನೆ ಏಳಬಹುದು. ಸಂಶೋಧನೆಯು ಇದಕ್ಕೆ ವಿರುದ್ಧವಾಗಿದೆ. ಕಷ್ಟದಲ್ಲಿರುವರೋ ಇಲ್ಲವೋ ಎಂದು ನೋಡದೆ ಎಲ್ಲರಿಗೂ ನೀಡಿದ ಸಮಾಲೋಚನೆಯಿಂದ ಗಮನಾರ್ಹ ಪ್ರಯೋಜನ ಕಂಡುಬಂದಿಲ್ಲ. ನಿಜವಾಗಿ ತೊಂದರೆಯಲ್ಲಿದ್ದವರನ್ನು ಆಯ್ದು ನೀಡಿದಾಗ ಪ್ರಯೋಜನವಾಗಿದೆ. ಹತ್ತಿರದವರು ಸಹಜವಾಗಿ ನೀಡುವ ಸಾಂತ್ವನದ ಜಾಗವನ್ನು ಸಂಬಳದ ಸಲಹೆಗಾರರು ಆಕ್ರಮಿಸಬೇಕಾಗಿಯೂ ಇಲ್ಲ.

ದೀರ್ಘಕಾಲಿಕ ಶೋಕ ವ್ಯಾಧಿ

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಈ ವ್ಯಾಧಿಗೆ ಮೊದಲ ಬಾರಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಮೃತರಿಗಾಗಿ ಬಿಡದ ಹಂಬಲ ಅಥವಾ ಅವರದೇ ಯೋಚನೆ, ಅದರೊಂದಿಗೆ ತೀವ್ರ ಮಾನಸಿಕ ನೋವು ಕನಿಷ್ಠ 6 ತಿಂಗಳು ಮುಂದುವರಿದು, ನಿತ್ಯದ ಬದುಕು ಅಸ್ತವ್ಯಸ್ತವಾಗಿರಬೇಕು. ನೋವು ಎಂಬುದರಲ್ಲಿ ತಪ್ಪಿತಸ್ಥ ಭಾವ, ಸಿಟ್ಟು, ಸಾವನ್ನು ಒಪ್ಪಲಾಗದಿರುವುದು, ತನ್ನದೇ ಒಂದು ಭಾಗ ಹೋಯಿತೆಂಬ ಅನಿಸಿಕೆ, ಮರಗಟ್ಟಿದಂತಾಗುವುದು ಸೇರುತ್ತವೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಪರಿಷ್ಕೃತ ಕೈಪಿಡಿಯು ವಯಸ್ಕರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎಂದು ಅವಧಿ ನಿಗದಿಪಡಿಸಿದೆ.

ಎರಡೂ ವ್ಯಾಖ್ಯೆಗಳಲ್ಲಿ ಒಂದು ಷರತ್ತು ಇದೆ: ಆ ಶೋಕವು ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮಗಳು ಸಹಜವೆಂದು ಒಪ್ಪುವ ಮಿತಿಯನ್ನು ಮೀರಿರಬೇಕು. ಇದು ಚಿಕ್ಕ ಷರತ್ತಲ್ಲ. ವರ್ಷಾಂತಿಕದವರೆಗೆ ಮಂಗಳಕಾರ್ಯಗಳನ್ನು ನಡೆಸದ ಮನೆತನ, 4 ತಿಂಗಳು 10 ದಿನ ಇದ್ದತ್ ಪಾಲಿಸುವ ಮುಸ್ಲಿಂ ವಿಧವೆ, ಮೃತರ ಪಟಕ್ಕೆ ಪ್ರತಿದಿನ ಹೂ ಮುಡಿಸಿ ಅವರೊಡನೆ ಮಾತನಾಡುವ ಅಜ್ಜಿ ಇವರಾರೂ ರೋಗಿಗಳಲ್ಲ. ಹಾಗೆಯೇ, ಸಂಪ್ರದಾಯ ಪಾಲನೆಯ ಮರೆಯಲ್ಲಿ ಊಟ ಬಿಟ್ಟು, ಕೋಣೆ ಸೇರಿ, ಬದುಕೇ ಬೇಡವೆನ್ನುತ್ತಿರುವ ಸೊಸೆಯನ್ನು ಸೂತಕದ ಮನೆಯಲ್ಲಿ ಇದೆಲ್ಲ ಸಹಜವೆಂದು ಬಿಟ್ಟುಬಿಡುವುದೂ ತಪ್ಪೇ.

ಖಿನ್ನತೆಗೂ ಇದಕ್ಕೂ ಭೇದವಿದೆ. ಖಿನ್ನತೆಯಲ್ಲಿ ಯಾವುದರಲ್ಲಿಯೂ ಆಸಕ್ತಿ ಇರುವುದಿಲ್ಲ. ದೀರ್ಘ ಶೋಕದಲ್ಲಿ ಆಸಕ್ತಿಯೆಲ್ಲ ತೀರಿಹೋದ ಒಬ್ಬರ ಮೇಲೆಯೇ ನೆಟ್ಟಿರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಇದನ್ನು ಅಳೆಯಲು ಹಾಲಿ ಪ್ರಿಗರ್ಸನ್ ಮತ್ತು ಸಂಗಡಿಗರು 1995ರಲ್ಲಿ ರೂಪಿಸಿದ 19 ಅಂಶಗಳ ಪ್ರಶ್ನಾವಳಿ ಬಹಳ ಬಳಕೆಯಲ್ಲಿದೆ. ಆದರೆ ಅದು ಸಾವು ಸಂಭವಿಸಿ ತಿಂಗಳುಗಳು ಕಳೆದ ಮೇಲೆ ಉಪಯೋಗಕ್ಕೆ ಬರುವಂಥದ್ದು.

ಕುಟುಂಬವನ್ನೇ ಒಂದು ಘಟಕವಾಗಿ ನೋಡುವುದು

ಮೇಲೆ ಹೇಳಿದ ಅಳತೆಗಳೆಲ್ಲ ವ್ಯಕ್ತಿಯನ್ನು ಕುರಿತವು. ಶೋಕ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಬಂದರೂ ಅದನ್ನು ಹೊರುವುದು ಮನೆಮಂದಿ ಸೇರಿ. ಈ ದೃಷ್ಟಿಯಿಂದ ನಡೆದ ಅಧ್ಯಯನಗಳಲ್ಲಿ ಡೇವಿಡ್ ಕಿಸೇನ್ ಮತ್ತು ಸಿಡ್ನಿ ಬ್ಲಾಕ್ ಅವರು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕ್ಯಾನ್ಸರ್ ರೋಗಿಗಳ ಕುಟುಂಬಗಳನ್ನು ಕುರಿತು 1990ರ ದಶಕದಿಂದ ನಡೆಸಿದ ಕೆಲಸವು ಅತ್ಯಂತ ಮುಖ್ಯವಾದದ್ದು.

ಅವರು ಬಳಸಿದ ಸಾಧನ ಸರಳವಾಗಿದೆ. 12 ವಾಕ್ಯಗಳ ಒಂದು ಪ್ರಶ್ನಾವಳಿ. ಪ್ರತಿ ವಾಕ್ಯಕ್ಕೆ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ. ಮನೆಯವರಲ್ಲಿ ಒಗ್ಗಟ್ಟು ಎಷ್ಟಿದೆ, ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುವ ರೂಢಿ ಇದೆಯೇ, ಜಗಳಗಳು ಹೇಗೆ ನಡೆಯುತ್ತವೆ ಎಂಬ ಮೂರು ಸಂಗತಿಗಳನ್ನು ಅದು ವಿಚಾರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಶ್ನೆಗಳು ದುಃಖದ ಬಗ್ಗೆ ಅಲ್ಲವೇ ಅಲ್ಲ. ಆದ್ದರಿಂದ ರೋಗಿಯು ಬದುಕಿರುವಾಗಲೇ, ಸಾವಿನ ಮಾತನ್ನೆತ್ತದೆ, ಇವನ್ನು ಕೇಳಲು ಸಾಧ್ಯವಾಗುತ್ತದೆ.

ಉತ್ತರಗಳ ಆಧಾರದ ಮೇಲೆ ಕುಟುಂಬಗಳು ಐದು ಬಗೆಗಳಾಗಿ ಒಡೆದು ಕಂಡವು. ಮೊದಲನೆಯದು ಪರಸ್ಪರ ಆಸರೆಯಾಗುವ ಕುಟುಂಬ. ಎರಡನೆಯದರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಮಾತಿನಿಂದ ಬಗೆಹರಿಯುತ್ತವೆ. ಮೆಲ್ಬರ್ನ್‌ನ ಕುಟುಂಬಗಳಲ್ಲಿ ಸುಮಾರು ಅರ್ಧದಷ್ಟು ಈ ಎರಡು ಬಗೆಗಳಿಗೆ ಸೇರಿದ್ದವು, ಅವುಗಳಿಗೆ ವಿಶೇಷ ಚಿಕಿತ್ಸೆಯ ಅಗತ್ಯ ಕಾಣಲಿಲ್ಲ. ಜಗಳವಾಡುವ ಮನೆಯೆಲ್ಲ ಒಡೆದ ಮನೆಯಲ್ಲ ಎಂಬುದನ್ನು ಎರಡನೆಯ ಬಗೆಯು ತೋರಿಸಿಕೊಡುತ್ತದೆ. ಮೂರನೆಯದು ಮಧ್ಯಮ ಬಗೆ: ಒಗ್ಗಟ್ಟು ಸಾಧಾರಣ, ಸಾವಿನ ಒತ್ತಡದಲ್ಲಿ ಇನ್ನಷ್ಟು ಸಡಿಲಗೊಳ್ಳುವ ಸಂಭವ. ಉಳಿದ ಎರಡರಲ್ಲಿ ಒಂದು ಬಹಿರಂಗ ವೈರದ ಕುಟುಂಬ. ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆಸ್ಪತ್ರೆಯ ಕಾರಿಡಾರಿನಲ್ಲಿಯೇ ಏರುದನಿಯ ಮಾತು ನಡೆಯುತ್ತದೆ, ಇಂಥವರನ್ನು ಗುರುತಿಸಲು ಪ್ರಶ್ನಾವಳಿಯೇ ಬೇಕಿಲ್ಲ. ಇನ್ನೊಂದು ಒಳಗೊಳಗೇ ಮುನಿಸಿಕೊಂಡ ಕುಟುಂಬ. ಇಲ್ಲಿ ಗಲಾಟೆಯಿಲ್ಲ, ಸಿಟ್ಟು ಹೊರಗೆ ಬಾರದೆ ಮೌನವಾಗಿರುತ್ತದೆ. ಖಿನ್ನತೆ ಅತಿ ಹೆಚ್ಚು ಕಂಡುಬಂದದ್ದು ಈ ಮೌನದ ಕುಟುಂಬಗಳಲ್ಲಿ. ಸಿಬ್ಬಂದಿಗೆ ತೊಂದರೆ ಕೊಡದ, ಕೇಳಿದ್ದಕ್ಕೆ ಹೌದು ಅಲ್ಲ ಎಂದಷ್ಟೇ ಹೇಳಿ ಬಿಲ್ಲು ಕಟ್ಟಿ ಹೋಗುವ ಇಂಥ ಕುಟುಂಬಗಳು ಯಾರ ಗಮನಕ್ಕೂ ಬೀಳದೆ ಹೋಗುವುದು ಸುಲಭ.

ನೆರವನ್ನು ಸ್ವೀಕರಿಸುವುದರಲ್ಲಿಯೂ ಈ ಎರಡು ಬಗೆಗಳ ನಡುವೆ ವ್ಯತ್ಯಾಸ ಕಂಡಿತು. ವೈರದ ಕುಟುಂಬಗಳು ಸಾಮಾನ್ಯವಾಗಿ ನೆರವನ್ನು ತಿರಸ್ಕರಿಸಿದವು. ಮುನಿಸಿನ ಕುಟುಂಬಗಳು, ಯಾರಾದರೂ ಮುಂದೆ ಬಂದು ಕೈಚಾಚಿದರೆ, ಒಪ್ಪಿಕೊಂಡವು.

ಈ ವರ್ಗೀಕರಣದ ಮೇಲೆ ಕಿಸೇನ್ ಮತ್ತು ಬ್ಲಾಕ್ ರೂಪಿಸಿದ ಕುಟುಂಬ ಕೇಂದ್ರಿತ ಶೋಕ ಚಿಕಿತ್ಸೆಯು ರೋಗಿಯು ಬದುಕಿರುವಾಗಲೇ, ರೋಗಿಯನ್ನೂ ಕೂರಿಸಿಕೊಂಡು ಆರಂಭವಾಗುತ್ತದೆ. ಒಂದೂವರೆ ಗಂಟೆಯ ಕೆಲವು ಭೇಟಿಗಳು, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಗೆ ಹರಡಿ, ಮರಣದ ನಂತರವೂ ಮುಂದುವರಿಯುತ್ತವೆ. ಸಾವಿನ ನಂತರ ಬರುವವರು ಹೊಸ ಮುಖವಾಗಿರದೆ, ತೀರಿಕೊಂಡವರನ್ನು ಕಂಡಿದ್ದವರೇ ಆಗಿರುತ್ತಾರೆ ಎಂಬುದು ಇದರ ದೊಡ್ಡ ಅನುಕೂಲ. 81 ಕುಟುಂಬಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಟ್ಟಾರೆ ಪ್ರಯೋಜನ ಸಾಧಾರಣವಾಗಿದ್ದರೂ, ಆರಂಭದಲ್ಲಿಯೇ ಹೆಚ್ಚು ಸಂಕಟದಲ್ಲಿದ್ದವರಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಮುನಿಸಿನ ಮತ್ತು ಮಧ್ಯಮ ಕುಟುಂಬಗಳಿಗೆ ಒಳಿತಾಯಿತು, ವೈರದ ಕುಟುಂಬಗಳ ಖಿನ್ನತೆ ಇದ್ದಂತೆಯೇ ಇತ್ತು. ಮುಂದೆ ಅಮೆರಿಕದಲ್ಲಿ 170 ಕುಟುಂಬಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ಭೇಟಿಗಳನ್ನು ಪಡೆದವರಲ್ಲಿ ದೀರ್ಘಕಾಲಿಕ ಶೋಕ ಕಡಿಮೆ ಕಂಡುಬಂದಿತು.

ಗಮನಿಸಬೇಕಾದ ಸೂಚನೆಗಳು

ಅಪಾಯವನ್ನು ಸೂಚಿಸುವ ಸಂಗತಿಗಳಲ್ಲಿ ಕೆಲವು ಸಾವಿಗೆ ಬಹಳ ಮೊದಲಿನವು. ಹಿಂದೆ ಮಾನಸಿಕ ಕಾಯಿಲೆ ಇದ್ದುದು, ಹತ್ತಿರ ಹತ್ತಿರ ಬೇರೆ ಸಾವುಗಳಾಗಿರುವುದು, ಎಲ್ಲದಕ್ಕೂ ಮೃತರನ್ನೇ ಅವಲಂಬಿಸಿದ್ದುದು, ಬೆಂಬಲಕ್ಕೆ ಯಾರೂ ಇಲ್ಲದಿರುವುದು ಇವು ಬಹುತೇಕ ಎಲ್ಲ ಅಧ್ಯಯನಗಳಲ್ಲಿ ಕಾಣುತ್ತವೆ. ಸಂಗಾತಿಯನ್ನು ಕಳೆದುಕೊಂಡವರಿಗೂ ಮಗುವನ್ನು ಕಳೆದುಕೊಂಡ ತಂದೆತಾಯಿಗೂ ಅಪಾಯ ಹೆಚ್ಚು. ಆರೈಕೆ ಮಾಡುತ್ತಿದ್ದವರನ್ನು ಸಾವಿಗೆ ಮೊದಲೂ ನಂತರವೂ ಗಮನಿಸಿದ ಡೆನ್ಮಾರ್ಕಿನ ಅಧ್ಯಯನದಲ್ಲಿ, ಸಾವಿನ ಮುನ್ನವೇ ತೀವ್ರ ಶೋಕ ಮತ್ತು ಖಿನ್ನತೆಯಲ್ಲಿದ್ದವರು, ಸಾವಿಗೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳದಿದ್ದವರು ಮುಂದೆ ಹೆಚ್ಚು ಕಷ್ಟಪಟ್ಟರು. ಮುಂಚೆಯೇ ಅತ್ತುಬಿಟ್ಟರೆ ನಂತರ ಹಗುರಾಗುತ್ತದೆ ಎಂಬ ನಂಬಿಕೆಗೆ ಇದು ವಿರುದ್ಧವಾಗಿದೆ.

ಸಾವು ಬಂದ ರೀತಿಯೂ ಮುಖ್ಯ. ತೀವ್ರ ನಿಗಾ ಘಟಕದಲ್ಲಿ, ಯಂತ್ರಗಳ ನಡುವೆ, ಕೊನೆಯ ಕ್ಷಣದವರೆಗೆ ಆಕ್ರಮಣಕಾರಿ ಚಿಕಿತ್ಸೆ ನಡೆದು ತೀರಿಕೊಂಡ ಕ್ಯಾನ್ಸರ್ ರೋಗಿಗಳ ಮನೆಯವರಲ್ಲಿ ಮಾನಸಿಕ ತೊಂದರೆ ಹೆಚ್ಚೆಂದು ಅಮೆರಿಕದ ಅಧ್ಯಯನಗಳು 2008 ಮತ್ತು 2010ರಲ್ಲಿ ತೋರಿಸಿದವು. ನೋವು ಶಮನವಾಗದೆ ನರಳಿದವರನ್ನು ಕಂಡ ಮನೆಯವರ ಕಣ್ಣಿನಿಂದ ಆ ದೃಶ್ಯ ಮರೆಯಾಗುವುದಿಲ್ಲ. ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯ ಕಠಿಣ ನಿಯಮಗಳಿಂದಾಗಿ ಮಾರ್ಫಿನ್ ದೊರೆಯುವುದು ಬಹುಕಾಲ ದುರ್ಲಭವಾಗಿತ್ತು, 2014ರ ತಿದ್ದುಪಡಿಯು ಇದನ್ನು ಸಡಿಲಗೊಳಿಸಿತು. ರೋಗಿಯ ನೋವನ್ನು ಸರಿಯಾಗಿ ತಗ್ಗಿಸುವುದು ಮನೆಯವರ ಶೋಕಕ್ಕೂ ಮುಂಗಡ ಚಿಕಿತ್ಸೆಯೇ ಆಗಿದೆ.

ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರು ದೊಡ್ಡವರಂತೆ ಸತತವಾಗಿ ದುಃಖಿಸುವುದಿಲ್ಲ. ಅತ್ತು, ಮರುಗಳಿಗೆಯಲ್ಲಿ ಆಟಕ್ಕೆ ಓಡುತ್ತಾರೆ. ಅದನ್ನು ಕಂಡು ಮಗುವಿಗೇನೂ ತಿಳಿಯದೆಂದು ದೊಡ್ಡವರು ತೀರ್ಮಾನಿಸುತ್ತಾರೆ. ಅಪ್ಪ ಮಲಗಿದ್ದಾರೆ, ದೇವರ ಹತ್ತಿರ ಹೋಗಿದ್ದಾರೆ, ಬರುತ್ತಾರೆ ಎಂಬ ಮಾತುಗಳನ್ನು ಚಿಕ್ಕ ಮಕ್ಕಳು ಅಕ್ಷರಶಃ ಗ್ರಹಿಸುವುದರಿಂದ ಕೆಲವರು ಮಲಗಲೇ ಹೆದರುತ್ತಾರೆ. ತನ್ನ ಹಟದಿಂದಲೇ ಅಮ್ಮನಿಗೆ ಕಾಯಿಲೆ ಬಂತೆಂದು ನಂಬುವ ಮಕ್ಕಳೂ ಇದ್ದಾರೆ. ಇದ್ದಕ್ಕಿದ್ದಂತೆ ಅಂಕ ಇಳಿಯುವುದು, ಮೇಲಿಂದ ಮೇಲೆ ಹೊಟ್ಟೆನೋವು, ಜಗಳ, ಇಲ್ಲವೇ ಅತಿಯಾದ ವಿಧೇಯತೆ ಇವೆಲ್ಲ ಮೊದಲು ಕಾಣುವುದು ತರಗತಿಯಲ್ಲಿ. ತಾಯಿ ತೀರಿಕೊಂಡ ಮೇಲೆ ತಮ್ಮತಂಗಿಯರ ಬುತ್ತಿ ಕಟ್ಟುವ ಹತ್ತನೆಯ ತರಗತಿಯ ಹುಡುಗಿಯನ್ನು ಊರೆಲ್ಲ ಜಾಣೆಯೆಂದು ಹೊಗಳುತ್ತದೆ. ಆಕೆಗೆ ಅಳಲು ಬಿಡುವು ಸಿಕ್ಕಿದೆಯೇ ಎಂದು ವಿಚಾರಿಸಬೇಕಾದವರಲ್ಲಿ ಶಿಕ್ಷಕರೂ ಒಬ್ಬರು.

ಗುರುತಿಸುವ ಕ್ರಮ

ಉತ್ತಮ ಉಪಶಾಮಕ ಕೇಂದ್ರಗಳಲ್ಲಿ ಈ ಕೆಲಸ ರೋಗಿಯು ದಾಖಲಾದ ದಿನದಿಂದಲೇ ತೊಡಗುತ್ತದೆ. ಸಮಾಜ ಕಾರ್ಯಕರ್ತರು ಮನೆಯವರೊಂದಿಗೆ ಕುಳಿತು ಮೂರು ತಲೆಮಾರಿನ ಕುಟುಂಬದ ನಕ್ಷೆಯನ್ನು ಬರೆಯುತ್ತಾರೆ. ಯಾರು ಎಲ್ಲಿದ್ದಾರೆ, ಯಾರ ನಡುವೆ ಮಾತಿಲ್ಲ, ಈ ಹಿಂದೆ ಯಾರು ಹೇಗೆ ತೀರಿಕೊಂಡರು, ಆಗ ಮನೆ ಹೇಗೆ ಸುಧಾರಿಸಿಕೊಂಡಿತು ಎಂಬುದೆಲ್ಲ ಆ ಒಂದು ಹಾಳೆಯಲ್ಲಿ ಬರುತ್ತದೆ. ಸಾವಿನ ನಂತರ ತಂಡದವರು ಸೇರಿ ಆ ಕುಟುಂಬದ ಬಗ್ಗೆ ಚರ್ಚಿಸುತ್ತಾರೆ. ಅನಂತರ ಸಂತಾಪದ ಕರೆ ಅಥವಾ ಪತ್ರ, ಕೆಲವು ವಾರಗಳ ಬಳಿಕ ಒಂದು ವಿಚಾರಣೆ, 6 ತಿಂಗಳ ಸುಮಾರಿಗೆ ಮತ್ತೊಂದು ಭೇಟಿ. ಬಂಧುಗಳ ಬರವು ನಿಂತ ಮೇಲೆ ಹೋಗುವುದು ಮುಖ್ಯ. ಹನ್ನೊಂದನೆಯ ದಿನ ಅಥವಾ ವೈಕುಂಠ ಸಮಾರಾಧನೆಯವರೆಗೆ ಜನ ತುಂಬಿರುವ ಮನೆಯು ಹದಿನೈದನೆಯ ದಿನ ಬಿಕೋ ಎನ್ನುತ್ತದೆ.

ಕೇಳುವ ಪ್ರಶ್ನೆಗಳು ನಮ್ಮ ಆಡುಮಾತಿನಲ್ಲಿದ್ದರೆ ಸಾಕು. "ರಾತ್ರಿ ನಿದ್ದೆ ಬರುತ್ತದೆಯೇ ಅಮ್ಮಾ?", "ಅವರ ವಿಷಯ ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀರಿ?", "ಹೀಗೆ ಮಾಡಬೇಕಿತ್ತು ಎಂದು ಏನಾದರೂ ಮನಸ್ಸಿಗೆ ಬರುತ್ತಿರುತ್ತದೆಯೇ?", "ಸಂಸಾರದ ಖರ್ಚು ಹೇಗೆ ನಡೆಯುತ್ತಿದೆ?" ಬದುಕು ಬೇಡವೆನಿಸುತ್ತದೆಯೇ ಎಂದು ನೇರವಾಗಿ ಕೇಳಲು ಹಲವರು ಅಂಜುತ್ತಾರೆ, ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲವೆಂದು ಮಾನಸಿಕ ಆರೋಗ್ಯ ತಜ್ಞರು ಹೇಳುತ್ತಾರೆ. ಹೌದೆಂಬ ಉತ್ತರ ಬಂದರೆ 6 ತಿಂಗಳ ಗಡುವನ್ನು ಕಾಯದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಮೊದಲ ಹಾಸ್ಪೈಸ್ ಆದ ಶಾಂತಿ ಅವೇದನಾ ಸದನವು 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಹುಟ್ಟಿದ ನೋವು ಮತ್ತು ಉಪಶಾಮಕ ಆರೈಕೆ ಸಂಘವು ಮುಂದೆ ನೆರೆಹೊರೆಯವರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸುವ ಜಾಲಕ್ಕೆ ದಾರಿ ಮಾಡಿತು. ಕೇರಳ ಸರ್ಕಾರವು 2008ರಲ್ಲಿ ಉಪಶಾಮಕ ಆರೈಕೆ ನೀತಿಯನ್ನು ಘೋಷಿಸಿತು. ಅದೇ ಬೀದಿಯ ಸ್ವಯಂಸೇವಕಿಗೆ ಆ ಮನೆಯ ಒಲೆ ಹೊತ್ತಿದೆಯೇ ಇಲ್ಲವೇ ಎಂಬುದು ಯಾವ ಪ್ರಶ್ನಾವಳಿಯೂ ಇಲ್ಲದೆ ತಿಳಿಯುತ್ತದೆ. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಆರೈಕೆ ನೀಡುತ್ತಿದ್ದು, ಮನೆಗೇ ಹೋಗಿ ಸೇವೆ ಸಲ್ಲಿಸುವ ತಂಡಗಳನ್ನೂ ಹೊಂದಿದೆ.

ನಮ್ಮಲ್ಲಿ ಮೂರು ಸಂಗತಿಗಳು ಗುರುತಿಸುವಿಕೆಯನ್ನು ಕಠಿಣಗೊಳಿಸುತ್ತವೆ. ಮೊದಲನೆಯದು ರೋಗದ ಹೆಸರನ್ನು ರೋಗಿಯಿಂದ ಮರೆಮಾಚುವ ರೂಢಿ. ಪ್ರೀತಿಯಿಂದಲೇ ಹೀಗೆ ಮಾಡಿದರೂ, ಇದರಿಂದ ವಿದಾಯದ ಮಾತು ನಡೆಯುವುದಿಲ್ಲ. ಸಾಲ ಎಲ್ಲಿದೆ, ವಿಮೆ ಯಾವುದು, ಮಗಳ ಮದುವೆಯ ಬಗ್ಗೆ ಅವರ ಮನಸ್ಸೇನಿತ್ತು ಎಂಬುದು ತಿಳಿಯದೆ ಉಳಿಯುತ್ತದೆ. ರೋಗಿಗೆ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಇಬ್ಬರೂ ಕೊನೆಯವರೆಗೆ ನಟಿಸಿದರು ಎಂಬಂಥ ಮನೆಗಳಲ್ಲಿ ಉಳಿದವರ ಹಳಹಳಿ ದೊಡ್ಡದು. ಎರಡನೆಯದು ದೂರ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಿದ್ವಾಯಿಯಂತಹ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರು ಶವದೊಂದಿಗೆ ನೂರಾರು ಕಿಲೋಮೀಟರ್ ಹಿಂದಿರುಗಿದ ಮೇಲೆ ಆ ಆಸ್ಪತ್ರೆಯೊಡನೆ ಸಂಬಂಧ ಕಡಿದುಹೋಗುತ್ತದೆ. ಅಲ್ಲಿ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದವರೇ ಆ ಮನೆಯನ್ನು ಮತ್ತೆ ಕಾಣಬಲ್ಲವರು. ಮೂರನೆಯದು ವಿಧವೆಯ ಸ್ಥಿತಿ. ಗಂಡನ ಸಾವಿನೊಂದಿಗೆ ಆಕೆಗೆ ಮನೆಯಲ್ಲಿ ದನಿಯೇ ಇಲ್ಲವಾದರೆ, ಭೇಟಿಗೆ ಬಂದವರ ಪ್ರಶ್ನೆಗೆ ಉತ್ತರಿಸುವವರು ಮೈದುನನೋ ಮಾವನೋ ಆಗಿರುತ್ತಾರೆ. ಆಕೆಯೊಂದಿಗೆ ಒಬ್ಬರೇ ಕುಳಿತು ಮಾತನಾಡದೆ ಆ ಮನೆಯ ಸ್ಥಿತಿ ತಿಳಿಯಿತೆನ್ನಲಾಗದು. ಎಷ್ಟೋ ಕಡೆ ಆಕೆಗೆ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ, ಪಡಿತರ ಚೀಟಿಯ ತಿದ್ದುಪಡಿ. ಮನಸ್ಸಿನ ಮಾತು ಅದರ ನಂತರ ತಾನಾಗಿ ಬರುತ್ತದೆ.

ಸಂಪ್ರದಾಯದ ವಿಧಿಗಳು ಅನೇಕರಿಗೆ ಆಸರೆಯಾಗಿವೆ. ಮಾಸಿಕ, ವರ್ಷಾಂತಿಕ, ಕ್ರೈಸ್ತರ ನಲವತ್ತನೆಯ ದಿನದ ಪ್ರಾರ್ಥನೆ, ಲಿಂಗಾಯತರ ಶಿವಗಣಾರಾಧನೆ ಇವು ಬಂಧುಗಳನ್ನು ಗೊತ್ತಾದ ದಿನದಂದು ಮತ್ತೆ ಮನೆಗೆ ಕರೆತರುತ್ತವೆ. ಆ ದಿನಗಳಂದು ಯಾರು ಬರಲಿಲ್ಲ, ಯಾರು ಬಂದೂ ಮಾತನಾಡಲಿಲ್ಲ ಎಂಬುದನ್ನು ಹಿರಿಯರು ಗಮನಿಸುವುದುಂಟು.

ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಆದರೆ ಕರೆ ಮಾಡಬೇಕಾದವರು ಶೋಕದಲ್ಲಿರುವವರೇ ಆಗಿರುವುದರಿಂದ, ತಾವಾಗಿ ಕೇಳದವರನ್ನು ತಲುಪುವ ಸಮಸ್ಯೆ ಇದರಿಂದ ಪೂರ್ತಿಯಾಗಿ ಬಗೆಹರಿಯುವುದಿಲ್ಲ.

ಟೀಕೆಗಳು ಮತ್ತು ಮಿತಿಗಳು

ಶೋಕಕ್ಕೆ ರೋಗದ ಹೆಸರಿಡುವುದನ್ನು ವಿರೋಧಿಸುವ ಮನೋವೈದ್ಯರೂ ಸಮಾಜಶಾಸ್ತ್ರಜ್ಞರೂ ಇದ್ದಾರೆ. ಪ್ರೀತಿಯ ಸಹಜ ಪರಿಣಾಮವನ್ನು ಔಷಧದ ವಿಷಯವನ್ನಾಗಿ ಮಾಡಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಹೆಸರಿದ್ದರೆ ಮಾತ್ರ ಚಿಕಿತ್ಸೆಯೂ ವಿಮೆಯೂ ದೊರೆಯುತ್ತದೆ ಎಂಬುದು ಇನ್ನೊಂದು ಪಕ್ಷದ ವಾದ. ಅಪಾಯವನ್ನು ಅಳೆಯುವ ಪ್ರಶ್ನಾವಳಿಗಳ ಮುನ್ಸೂಚನೆ ಅಷ್ಟೇನೂ ನಿಖರವಾಗಿಲ್ಲವೆಂಬುದೂ ನಿಜ. ಹೆಚ್ಚಿನವು ಇಂಗ್ಲಿಷ್ ಮಾತನಾಡುವ ಸಮಾಜಗಳಲ್ಲಿ ರೂಪುಗೊಂಡವು. ಅವಿಭಕ್ತ ಕುಟುಂಬದಲ್ಲಿ "ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುತ್ತೇವೆ" ಎಂಬ ವಾಕ್ಯಕ್ಕೆ ಸೊಸೆ ನೀಡುವ ಉತ್ತರಕ್ಕೂ ಅತ್ತೆ ನೀಡುವ ಉತ್ತರಕ್ಕೂ ಅಜಗಜಾಂತರವಿರಬಹುದು.

ಗುರುತಿಸಿದ ಮೇಲೆ ಕಳುಹಿಸುವುದೆಲ್ಲಿಗೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸೇವೆಗಳು ಸಾಕಷ್ಟಿರುವ ಅಮೆರಿಕದಲ್ಲಿಯೇ, ಕ್ಯಾನ್ಸರ್ ರೋಗಿಗಳ ಆರೈಕೆ ಮಾಡಿ ಅವರನ್ನು ಕಳೆದುಕೊಂಡು ದೀರ್ಘಕಾಲಿಕ ಶೋಕಕ್ಕೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವ ಮಾನಸಿಕ ಆರೋಗ್ಯ ಸೇವೆಯನ್ನೂ ಪಡೆದಿರಲಿಲ್ಲವೆಂದು 2011ರ ಅಧ್ಯಯನವೊಂದು ಕಂಡುಕೊಂಡಿತು. ತಾಲ್ಲೂಕು ಕೇಂದ್ರದಲ್ಲಿ ಆಪ್ತಸಮಾಲೋಚಕರೇ ಇಲ್ಲದ ಕಡೆ, ಅಂಕ ನೀಡಿ ಕಡತದಲ್ಲಿಟ್ಟ ಪ್ರಶ್ನಾವಳಿಯಿಂದ ಆ ಕುಟುಂಬಕ್ಕೆ ದೊರೆಯುವುದು ಏನೂ ಇಲ್ಲ. ಈ ಕಾರಣದಿಂದ ಹಲವು ಸಂಸ್ಥೆಗಳು ಮೊದಲು ಕೆಲವು ಸ್ವಯಂಸೇವಕರನ್ನು ತರಬೇತುಗೊಳಿಸಿ, ಅವರು ಭೇಟಿ ನೀಡಬಲ್ಲಷ್ಟು ಮನೆಗಳನ್ನು ಮಾತ್ರ ಆಯ್ದುಕೊಂಡು ಕೆಲಸ ಆರಂಭಿಸುತ್ತವೆ.